ಜಾಯ್‌ಸ್ಟಿಕ್ ಮುಟ್ಟಿದರೆ ಸಾಕು, ವಿಮಾನ ಕುಣಿಯುತ್ತದೆ: ಸೆನ್ಸಿಟಿವಿಟಿ ಎಷ್ಟಿರಬೇಕು?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಹಾಕಿಕೊಂಡು ಸೆಸ್ನಾ 172 ಹಾರಿಸುವುದನ್ನು ಕಲಿಯುತ್ತಿದ್ದೇನೆ. ಜಾಯ್‌ಸ್ಟಿಕ್ಕನ್ನು ಕೂದಲೆಳೆಯಷ್ಟು ಎಳೆದರೂ ಮೂತಿ ಮೇಲಕ್ಕೆ ಜಿಗಿಯುತ್ತದೆ, ಸರಿಪಡಿಸಲು ಹೋದರೆ ಕೆಳಕ್ಕೆ ಮುಗ್ಗರಿಸುತ್ತದೆ. ಸೆನ್ಸಿಟಿವಿಟಿಯನ್ನು ಶೇಕಡಾ ಎಷ್ಟಕ್ಕೆ ಇಡಬೇಕು?

ಉತ್ತರ: ಎಲ್ಲರಿಗೂ ಹೊಂದುವ ಒಂದು ಅಂಕಿ ಇಲ್ಲ. ಏಕೆ ಇಲ್ಲ ಎಂಬುದು ತಿಳಿದರೆ ನಿಮ್ಮ ಜಾಯ್‌ಸ್ಟಿಕ್ಕಿಗೆ ತಕ್ಕ ಅಂಕಿಯನ್ನು ನೀವೇ ಅರ್ಧ ಗಂಟೆಯಲ್ಲಿ ಕಂಡುಕೊಳ್ಳಬಹುದು.

ನಿಜವಾದ ಸೆಸ್ನಾದಲ್ಲಿ ಪೈಲಟ್ ಹಿಡಿಯುವ ಯೋಕ್ ಹಿಂದಕ್ಕೂ ಮುಂದಕ್ಕೂ ಹತ್ತಿರಹತ್ತಿರ ಒಂದು ಗೇಣು ಚಲಿಸುತ್ತದೆ; ಮೇಜಿನ ಮೇಲಿನ ಜಾಯ್‌ಸ್ಟಿಕ್ಕಿನ ತುದಿಯಾದರೋ ನಡುವಿನಿಂದ ಎರಡು ಮೂರು ಬೆರಳಗಲ ವಾಲಿದರೆ ಕೊನೆ ಮುಟ್ಟಿಬಿಡುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಭಾರದ್ದು. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 60 ನಾಟ್‌ನಲ್ಲಿದ್ದ ವಿಮಾನ 120 ನಾಟ್‌ಗೆ ಏರಿದಾಗ ಎಲಿವೇಟರಿನ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಹಲಗೆ) ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಯೋಕ್ ಕೂಡ ಅಷ್ಟಕ್ಕಷ್ಟೇ ಬಿಗಿಯಾಗಿ ಪೈಲಟ್‌ನ ಕೈಯನ್ನು ತಡೆಯುತ್ತದೆ. ಮನೆಯ ಜಾಯ್‌ಸ್ಟಿಕ್ಕಿನೊಳಗಿನ ಸ್ಪ್ರಿಂಗಿಗೆ ವೇಗದ ಅರಿವಿಲ್ಲ. ನಿಂತ ವಿಮಾನದಲ್ಲಿಯೂ ಓಡುವ ವಿಮಾನದಲ್ಲಿಯೂ ಅದು ಒಂದೇ ಹಗುರ. ಈ ಇಲ್ಲದ ಭಾರಕ್ಕೆ ಬದಲಾಗಿ ಹಾಕುವ ತೇಪೆಯೇ ಸೆನ್ಸಿಟಿವಿಟಿಯ ವಕ್ರರೇಖೆ.

ರೇಖೆ ನೇರವಾಗಿದ್ದರೆ ಜಾಯ್‌ಸ್ಟಿಕ್ ಶೇಕಡಾ 20ರಷ್ಟು ವಾಲಿದಾಗ ಎಲಿವೇಟರ್ ಕೂಡ ಶೇಕಡಾ 20ರಷ್ಟು ತಿರುಗುತ್ತದೆ. ಸೆನ್ಸಿಟಿವಿಟಿಯನ್ನು ಸೊನ್ನೆಗಿಂತ ಕೆಳಗೆ, ಅಂದರೆ ಋಣ ಅಂಕಿಗೆ ಇಳಿಸಿದಾಗ ರೇಖೆಯ ನಡುಭಾಗ ಚಪ್ಪಟೆಯಾಗಿ, ಅದೇ ಶೇಕಡಾ 20ರ ವಾಲಿಕೆಗೆ ಎಲಿವೇಟರ್ ಉದಾಹರಣೆಗೆ ಶೇಕಡಾ 10ರಷ್ಟು ಮಾತ್ರ ತಿರುಗುತ್ತದೆ. ಆದರೆ ಈ ಉಪಕಾರ ಪುಕ್ಕಟೆಯಲ್ಲ. ಕೊನೆಯಲ್ಲಿ ಪೂರ್ತಿ 100 ತಲುಪಲೇಬೇಕಾದ್ದರಿಂದ ನಡುವಿನಲ್ಲಿ ಉಳಿಸಿದ್ದನ್ನೆಲ್ಲ ರೇಖೆ ಅಂಚಿನಲ್ಲಿ ಒಮ್ಮೆಲೇ ತೀರಿಸುತ್ತದೆ, ಅಲ್ಲಿ ಜಾಯ್‌ಸ್ಟಿಕ್ ಮೊದಲಿಗಿಂತಲೂ ಚುರುಕಾಗುತ್ತದೆ. ಇಳಿಯುವ ಹೊತ್ತಿನಲ್ಲಿ, ವೇಗ ಕುಸಿದು ಜಾಯ್‌ಸ್ಟಿಕ್ಕನ್ನು ಸಾಕಷ್ಟು ಹಿಂದಕ್ಕೆಳೆಯಬೇಕಾದಾಗ, ಇದರ ಬಿಸಿ ತಟ್ಟುತ್ತದೆ. ಆದ್ದರಿಂದ −80, −90ರಂಥ ಅಂಕಿಗಳ ಕಡೆಗೆ ಹೋಗದಿರುವುದು ಲೇಸು.

ಸೆಟ್ಟಿಂಗ್ ಮುಟ್ಟುವ ಮೊದಲು ಟ್ರಿಮ್, ಅಂದರೆ ಕೈಯಿಂದ ಒತ್ತಿ ಹಿಡಿಯದೆಯೇ ಮೂತಿ ಇದ್ದಲ್ಲೇ ನಿಲ್ಲುವಂತೆ ಮಾಡುವ ಹೊಂದಾಣಿಕೆ, ನೋಡಿ. ಹೊಸಬರ ದೂರುಗಳಲ್ಲಿ ಹೆಚ್ಚಿನವು ಟ್ರಿಮ್ಮಿನವೇ ಎಂಬುದು ನನ್ನ ಅನಿಸಿಕೆ: ಟ್ರಿಮ್ ಮಾಡದ ವಿಮಾನವನ್ನು ಸಮತಲದಲ್ಲಿ ಹಿಡಿಯಲು ಕೈ ಸದಾ ಸ್ಪ್ರಿಂಗಿನೊಡನೆ ಗುದ್ದಾಡುತ್ತಿರುತ್ತದೆ, ಆ ಗುದ್ದಾಟದ ನಡುಕವೇ ಪರದೆಯ ಮೇಲೆ ಕುಣಿತವಾಗಿ ಕಾಣುತ್ತದೆ. ನೆಲದಿಂದ 3,000 ಅಡಿ ಮೇಲೇರಿ, 100 ನಾಟ್ ಆಸುಪಾಸಿನಲ್ಲಿ ಸಮತಲಕ್ಕೆ ಬಂದು, ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದರೂ ಮೂತಿ ಇದ್ದಲ್ಲೇ ಇರುವ ತನಕ ಟ್ರಿಮ್ ಚಕ್ರವನ್ನು ತಿರುಗಿಸಿ. (ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಹೊರಡುವವರು ಗಮನಿಸಬೇಕು: ಅಲ್ಲಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ನೀವು ಎತ್ತರಮಾಪಕದಲ್ಲಿ ನೋಡಬೇಕಾದದ್ದು 6,000.) ಈಗಲೂ ಕುಣಿತ ನಿಲ್ಲದಿದ್ದರೆ ಮಾತ್ರ ಸೆನ್ಸಿಟಿವಿಟಿಯ ಪರದೆ ತೆರೆಯಿರಿ.

ಅಲ್ಲಿ ಎಲಿವೇಟರಿಗೆ −30 ಕೊಟ್ಟು ಆರಂಭಿಸಿ, ಸಾಲದಿದ್ದರೆ ಹತ್ತು ಹತ್ತಾಗಿ −50ರವರೆಗೆ ಇಳಿಸಿ. ಸೆನ್ಸಿಟಿವಿಟಿಗೆ ಋಣ ಮತ್ತು ಧನ ಎಂದು ಎರಡು ಪಟ್ಟಿಗಳಿರುವುದು ಎಳೆಯುವ ದಿಕ್ಕಿಗೊಂದು, ತಳ್ಳುವ ದಿಕ್ಕಿಗೊಂದು, ಎರಡನ್ನೂ ಸಮವಾಗಿಡಿ. ವಿಮಾನವನ್ನು ಎಡಬಲಕ್ಕೆ ವಾಲಿಸುವ ಏಲೆರಾನಿಗೆ ಇದಕ್ಕಿಂತ ಕಡಿಮೆ ಸಾಕು. ಜಾಯ್‌ಸ್ಟಿಕ್ಕನ್ನೇ ತಿರುಚಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ನಡೆಸುವವರಿಗೆ ರನ್‌ವೇಯ ಮೇಲೆ ವಿಮಾನ ಹಾವಿನಂತೆ ಹರಿಯುವುದು ತಪ್ಪಬೇಕಾದರೆ ಅಲ್ಲಿಯೂ ಋಣ ಅಂಕಿ ಬೇಕಾಗುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ತಗ್ಗಿಸುವ ಥ್ರಾಟಲ್‌ನ ರೇಖೆ ನೇರವಾಗಿಯೇ ಇರಲಿ.

ಅದೇ ಪರದೆಯಲ್ಲಿರುವ ಡೆಡ್ ಝೋನ್, ಅಂದರೆ ನಡುವಿನ ಸುತ್ತ ಜಾಯ್‌ಸ್ಟಿಕ್ಕಿನ ಚಲನೆಯನ್ನು ಲೆಕ್ಕಿಸದೆ ಬಿಡುವ ಭಾಗ, ಈ ರೋಗಕ್ಕೆ ಮದ್ದಲ್ಲ. ಕೈ ಬಿಟ್ಟಾಗಲೂ ಜಾಯ್‌ಸ್ಟಿಕ್ಕಿನ ಸಂಕೇತ ನಡುವಿನಲ್ಲಿ ನಿಲ್ಲದೆ ಅದುರುತ್ತಿದ್ದರೆ ಆ ಅದುರನ್ನು ನುಂಗುವಷ್ಟು, ಶೇಕಡಾ ಎರಡು ಮೂರು, ಕೊಟ್ಟರೆ ಸಾಕು. ನನ್ನ ಹಳೆಯ ಜಾಯ್‌ಸ್ಟಿಕ್ಕಿಗೆ ಒಮ್ಮೆ 15 ಕೊಟ್ಟು ಕುಳಿತಿದ್ದೆ. ಇಳಿಯುವಾಗ ಮೆಲ್ಲನೆ ಎಳೆದರೆ ವಿಮಾನ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ, ಇನ್ನಷ್ಟು ಎಳೆದರೆ ಹಠಾತ್ತನೆ ಎದ್ದು ಮತ್ತೆ ರನ್‌ವೇಗೆ ಅಪ್ಪಳಿಸುತ್ತಿತ್ತು. ಜಾಯ್‌ಸ್ಟಿಕ್ಕಿಗೆ ವಿಮಾನ ಎಷ್ಟು ಬೇಗ ಸ್ಪಂದಿಸಬೇಕೆಂದು ಹೇಳುವ ರಿಯಾಕ್ಟಿವಿಟಿಯನ್ನು ಇಳಿಸುವುದೂ ಇಂಥದೇ ತಪ್ಪು. ಅದು ಚಲನೆಯನ್ನು ಮೃದುಗೊಳಿಸುವ ನೆಪದಲ್ಲಿ ತಡಮಾಡುತ್ತದೆ, ತಡವಾದಾಗ ಪೈಲಟ್ ಅಗತ್ಯಕ್ಕಿಂತ ಹೆಚ್ಚು ಸರಿಪಡಿಸಲು ಹೊರಡುತ್ತಾನೆ, ಕುಣಿತ ಇನ್ನೂ ಹೆಚ್ಚುತ್ತದೆ.

ಮುಂದೆ ಏರ್‌ಬಸ್ ಎ320 ಹತ್ತಿದಾಗ ಈ ಅಂಕಿಗಳನ್ನೇ ಒಯ್ಯಬೇಡಿ. ಅದರ ಸೈಡ್‌ಸ್ಟಿಕ್ ರೆಕ್ಕೆಬಾಲಗಳನ್ನು ನೇರವಾಗಿ ಅಲುಗಿಸದೆ ಕಂಪ್ಯೂಟರಿಗೆ ಕೋರಿಕೆ ಸಲ್ಲಿಸುತ್ತದೆಯಾದ್ದರಿಂದ ಅಲ್ಲಿ ಸೊನ್ನೆಯ ಹತ್ತಿರದ ನೇರ ರೇಖೆಯೇ ಚೆನ್ನಾಗಿ ಹೊಂದುತ್ತದೆ. ಸೆಸ್ನಾಕ್ಕೊಂದು, ಏರ್‌ಬಸ್ಸಿಗೊಂದು ಪ್ರೊಫೈಲ್ ಉಳಿಸಿಕೊಳ್ಳಿ, ಒಂದೊಂದು ಬದಲಾವಣೆಯ ನಂತರವೂ ಕನಿಷ್ಠ ಮೂರು ಸಲ ಇಳಿದು ನೋಡಿ, ಆಮೇಲೆ ಮುಂದಿನ ಅಂಕಿಗೆ ಕೈ ಹಾಕಿ.