ಚಿಕ್ಕಮಗಳೂರಲ್ಲಿ ಕೂತು ಮೂಡಿಗೆರೆಯ ಟ್ಯಾಲಿ

ಮೂಡಿಗೆರೆ ಕಡೆಯ ಎಷ್ಟೋ ಕಾಫಿ ತೋಟಗಳ ಆಫೀಸಿನಲ್ಲಿ ಇರುವುದು ಒಂದೇ ಕಂಪ್ಯೂಟರ್. ಚೆಕ್‌ರೋಲ್ ಎನ್ನುವ ಆಳುಗಳ ಹಾಜರಿ ಪಟ್ಟಿ, ಗೊಬ್ಬರದ ಲೆಕ್ಕ, ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಎಲ್ಲವೂ ಅದರಲ್ಲೇ. ತೋಟದ ಲೆಕ್ಕ ಬರೆಯುವ ರೈಟರು ಒಂದು ಎಂಟ್ರಿ ತಪ್ಪು ಹಾಕಿದರೆ ಚಿಕ್ಕಮಗಳೂರಿನಲ್ಲಿರುವ ಅಕೌಂಟೆಂಟ್ ಸುಮಾರು 30 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು. ಇಲ್ಲವೇ ‘ಎಫ್ ಸೆವೆನ್ ಒತ್ತಿ, ಈಗ ಏನು ಬಂತು ಓದಿ’ ಎಂದು ಫೋನಿನಲ್ಲಿ ಅರ್ಧ ಗಂಟೆ ಕೂಗಬೇಕು. ಈ ಕೂಗಾಟ ತಪ್ಪಿಸಲು ದುಡ್ಡು ಖರ್ಚು ಮಾಡಬೇಕಾಗಿಲ್ಲ. ದೂರದ ಕಂಪ್ಯೂಟರಿನ ಪರದೆಯನ್ನು ಕೂತಲ್ಲೇ ನೋಡಿ ನಡೆಸಲು ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ ಹಾಕಿಕೊಂಡರೆ ಮೊದಲ ವಾರದಲ್ಲೇ ಬೇಸರ ಬಂದು ಅಳಿಸಿ ಹಾಕುವವರೇ ಹೆಚ್ಚು.

ಇಲ್ಲಿ ಟ್ಯಾಲಿಯೇನೂ ಚಿಕ್ಕಮಗಳೂರಿಗೆ ಬರುವುದಿಲ್ಲ. ಬರುವುದು ತೋಟದ ಪರದೆಯ ಚಿತ್ರ, ಹೋಗುವುದು ನಿಮ್ಮ ಕೀಲಿ ಒತ್ತು ಮತ್ತು ಮೌಸಿನ ಚಲನೆ. ಮಾಮೂಲಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಂದೊಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಎಂದರೆ ಒಂದು ಚಿತ್ರಕ್ಕೇ ಸುಮಾರು 62 ಲಕ್ಷ ಬೈಟ್ ಆಯಿತು. ಸೆಕೆಂಡಿಗೆ 30 ಚಿತ್ರ ಇದ್ದಹಾಗೇ ಕಳಿಸಲು ಹೋದರೆ ಒಂದು ಬೈಟಿಗೆ 8 ಬಿಟ್‌ನಂತೆ ಸುಮಾರು 1,500 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ಬೇಕು. 40 ಎಂಬಿಪಿಎಸ್ ಫೈಬರ್ ಇರುವ ಮನೆಯಲ್ಲಿ ಇದು ಆಗದ ಮಾತು. ಹಾಗಾಗಿ ವಿಡಿಯೋ ಕುಗ್ಗಿಸುವ ವಿಧಾನಗಳನ್ನೇ ಬಳಸಿ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸಲಾಗುತ್ತದೆ. ಟ್ಯಾಲಿಯಲ್ಲಿ ಒಂದು ಅಂಕಿ ಹೊಡೆದಾಗ ಬದಲಾಗುವುದು ಬೆರಳ ತುದಿಯಷ್ಟು ಜಾಗ, ಅದಕ್ಕೇ ಅದು ಸಲೀಸು. ಪಿಡಿಎಫ್ ಸರಸರನೆ ಉರುಳಿಸಿದರೆ ಪರದೆಯಿಡೀ ಬದಲಾಗುತ್ತದೆ, ಆಗ ಅಕ್ಷರ ಕದಡುತ್ತದೆ.

ಚಿತ್ರ ಹೊರಡುವುದು ತೋಟದಿಂದ. ಆದ್ದರಿಂದ ಲೆಕ್ಕಕ್ಕೆ ಬರುವುದು ಅಲ್ಲಿನ ಅಪ್‌ಲೋಡ್ ವೇಗ. ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್ ಅಂಕಿ ನೋಡಿ ‘ನೆಟ್ ಚೆನ್ನಾಗಿದೆಯಲ್ಲ’ ಎನ್ನುವವರು ತಪ್ಪು ಸಾಲನ್ನು ಓದುತ್ತಿದ್ದಾರೆ.

ಎರಡು ಕಂಪ್ಯೂಟರುಗಳು ಒಂದನ್ನೊಂದು ಹುಡುಕಿಕೊಳ್ಳುವ ಬಗೆ ಇನ್ನೂ ಸ್ವಾರಸ್ಯದ್ದು. ಮನೆಯ ರೂಟರ್ ಒಳಗಿನಿಂದ ಮಾತ್ರ ತೆರೆಯುವ ಬಾಗಿಲಿನಂತೆ. ಹೊರಗಿನವರು ತಟ್ಟಿದರೆ ಓಗೊಡುವುದಿಲ್ಲ. ಮೊಬೈಲ್ ನೆಟ್ಟಿನಲ್ಲಂತೂ ಒಂದೇ ಹೊರವಿಳಾಸದ ಹಿಂದೆ ಹಲವಾರು ಮಂದಿ ಗ್ರಾಹಕರು ಕೂತಿರುತ್ತಾರೆ. ಹಾಗಾಗಿ ಎರಡೂ ಕಂಪ್ಯೂಟರುಗಳು ತಾವೇ ಹೊರಗೆ ಹೋಗಿ ಒಂದು ಸರ್ವರಿಗೆ ತಮ್ಮ ಗುರುತು ಹೇಳಿಕೊಳ್ಳುತ್ತವೆ. ಅದು ಇಬ್ಬರಿಗೂ ಪರಸ್ಪರ ವಿಳಾಸ ತಿಳಿಸುತ್ತದೆ, ಇಬ್ಬರೂ ಏಕಕಾಲಕ್ಕೆ ಆಚೆ ಕಡೆ ತಟ್ಟುತ್ತಾರೆ. ರೂಟರುಗಳು ಒಪ್ಪಿದರೆ ನೇರ ಸಂಪರ್ಕ. ಒಪ್ಪದಿದ್ದರೆ ಎಲ್ಲ ದತ್ತಾಂಶವೂ ಮಧ್ಯದ ರಿಲೇ ಸರ್ವರ್ ಮೂಲಕವೇ ಸುತ್ತಬೇಕು. ಆ ಸರ್ವರ್ ಯುರೋಪಿನಲ್ಲಿದ್ದರೆ, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವ ಚಿತ್ರ ಸುಮಾರು 14,000 ಕಿಲೋಮೀಟರ್ ಸುತ್ತಿ ಬಂದಂತೆ. ಕೀಲಿ ಹೋಗುವ ದಾರಿಯೂ ಅಷ್ಟೇ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಈ ಹೋಗಿಬರುವುದಕ್ಕೇ 140 ಮಿಲಿಸೆಕೆಂಡ್ ಬೇಕು. ಇಂಟರ್‌ನೆಟ್ ವೇಗ ಎಷ್ಟು ಹೆಚ್ಚಿಸಿಕೊಂಡರೂ ಈ ಕಾಲ ಕಡಿಮೆಯಾಗದು.

ಈ ತಡವೇ ಟ್ಯಾಲಿಯಲ್ಲಿ ಎಡವಟ್ಟು ಮಾಡಿಸುವುದು. ಎಂಟರ್ ಒತ್ತಿದಿರಿ, ಪರದೆ ಅಲ್ಲಾಡಲಿಲ್ಲ, ಇನ್ನೆರಡು ಸಲ ಒತ್ತಿದಿರಿ. ಮೂರೂ ಒತ್ತು ಅಲ್ಲಿಗೆ ತಲುಪಿದವು, ನೋಡಬೇಕೆಂದಿದ್ದ ವೋಚರ್ ನೋಡುವ ಮೊದಲೇ ಸೇವ್ ಆಯಿತು. ಒಂದು ಒತ್ತು, ಪರದೆ ಬದಲಾಗುವ ತನಕ ಕೈ ಕಟ್ಟಿ ಕೂರುವುದು: ಇಷ್ಟು ಅಭ್ಯಾಸ ಮಾಡಿಕೊಳ್ಳಲೇಬೇಕು.

ಈಗ ಹಾಕಿಕೊಳ್ಳುವ ಕೆಲಸ. ರಸ್ಟ್‌ಡೆಸ್ಕ್ ಡಾಟ್ ಕಾಮ್ ಎಂದು ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ ಹೋಗಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ, ನಕಲಿ ಫೈಲುಗಳು ಬರುವುದು ಆ ದಾರಿಯಲ್ಲೇ. ಎರಡೂ ಕಡೆ ಇಳಿಸಿಕೊಂಡು ತೆರೆದರೆ ಎಡಗಡೆ ಒಂದು ಐಡಿ, ಅದರ ಕೆಳಗೆ ಒಂದು ಬಾರಿಯ ಪಾಸ್‌ವರ್ಡ್ ಕಾಣುತ್ತದೆ. ತೋಟದ ಕಂಪ್ಯೂಟರಿನ ಐಡಿಯನ್ನು ನಿಮ್ಮ ಕಡೆಯ ಬಲಗಡೆಯ ಚೌಕದಲ್ಲಿ ಹಾಕಿ ಕನೆಕ್ಟ್ ಒತ್ತಿ, ಪಾಸ್‌ವರ್ಡ್ ಕೊಟ್ಟರೆ ಪರದೆ ತೆರೆದುಕೊಳ್ಳುತ್ತದೆ. ಒಮ್ಮೊಮ್ಮೆ ಸಹಾಯ ಮಾಡಲು ಇಷ್ಟು ಸಾಕು.

ದಿನಾ ಬೇಕೆಂದರೆ ತೋಟದ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಲೇಬೇಕು, ಸುಮ್ಮನೆ ತೆರೆದು ಬಿಟ್ಟರೆ ಸಾಲದು. ವಿಂಡೋಸ್ ‘ಈ ಪ್ರೋಗ್ರಾಮ್ ಬದಲಾವಣೆ ಮಾಡಬಹುದೇ’ ಎಂದು ಕೇಳುವಾಗ ಪರದೆ ಮಬ್ಬಾಗುತ್ತದಲ್ಲ, ಅದು ಬೇರೆಯದೇ ಆದ ಸುರಕ್ಷಿತ ಪರದೆ. ಇನ್‌ಸ್ಟಾಲ್ ಆಗದ ಸಾಮಾನ್ಯ ಪ್ರೋಗ್ರಾಮಿಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ಕಡೆ ಚಿತ್ರ ನಿಂತುಹೋಗುತ್ತದೆ, ಅಲ್ಲಿ ರೈಟರು ‘ಯೆಸ್ ಒತ್ತಲಾ ಸಾರ್’ ಎಂದು ಫೋನು ಮಾಡುತ್ತಾರೆ. ಇನ್‌ಸ್ಟಾಲ್ ಮಾಡಿದರೆ ಅದು ವಿಂಡೋಸಿನ ಸರ್ವೀಸ್ ಆಗಿ, ಅಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುತ್ತದೆ; ಲಾಗಿನ್ ಪರದೆಯೂ ಕಾಣುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ವಿಭಾಗಕ್ಕೆ ಹೋಗಿ ಬೀಗ ತೆರೆದು ಶಾಶ್ವತ ಪಾಸ್‌ವರ್ಡ್ ಇಡಿ. ಹನ್ನೆರಡು ಅಕ್ಷರಕ್ಕೆ ಕಡಿಮೆ ಬೇಡ, ತೋಟದ ಹೆಸರಂತೂ ಬೇಡವೇ ಬೇಡ. ಅಲ್ಲೇ ಎರಡು ಹಂತದ ಪರಿಶೀಲನೆಯನ್ನೂ ಹಾಕಿಕೊಳ್ಳಬಹುದು.

ವಿಂಡೋಸಿನದೇ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ ಎಂದರೆ, ಇದೆ. ಆದರೆ ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಅದರಿಂದ ಹೊರಗಿನವರು ಬರಲಾಗದು, ಪ್ರೊ ಬೇಕು. ಪ್ರೊ ಇದ್ದವರು ರೂಟರಿನಲ್ಲಿ ಅದು ಬಳಸುವ ಬಾಗಿಲಾದ 3389ನೇ ಪೋರ್ಟ್ ತೆರೆದಿಡುವ ಅಡ್ಡದಾರಿ ಹಿಡಿಯಬಾರದು. ಆ ಪೋರ್ಟನ್ನೇ ಹುಡುಕುತ್ತಾ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಇಂಟರ್‌ನೆಟ್ ಜಾಲಾಡುತ್ತಿರುತ್ತವೆ.

ಮಲೆನಾಡಿನಲ್ಲಿ ಕಾಡುವುದು ಕರೆಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಕಂಪ್ಯೂಟರ್ ಆಫ್ ಆಗಿಯೇ ಉಳಿಯುತ್ತದೆ, ನಿಮ್ಮ ಕಡೆ ‘ಆಫ್‌ಲೈನ್’ ಎಂದಷ್ಟೇ ಬರುತ್ತದೆ. ಡೆಸ್ಕ್‌ಟಾಪ್ ಆದರೆ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಕರೆಂಟು ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಹುಡುಕಿ ಹಾಕಿಕೊಳ್ಳಿ. ಸಾಮಾನ್ಯವಾಗಿ ಅದರ ಹೆಸರಿನಲ್ಲಿ ‘ಎಸಿ’ ಮತ್ತು ‘ಪವರ್’ ಎಂಬ ಪದಗಳಿರುತ್ತವೆ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಎನ್ನುವುದನ್ನು ನೆವರ್ ಮಾಡಿ, ಮಲಗಿದ ಯಂತ್ರ ಯಾರ ಕರೆಗೂ ಏಳುವುದಿಲ್ಲ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ ಏನೂ ಮಾಡದಂತೆ ಇಡಿ. ಯುಪಿಎಸ್ ಇದ್ದರೆ ರೂಟರನ್ನೂ ಅದಕ್ಕೇ ಹಾಕಿ. ಕಂಪ್ಯೂಟರ್ ಉಳಿದು ರೂಟರ್ ಸತ್ತರೆ ಏನು ಬಂತು?

ಕನ್ನಡ ಟೈಪಿಂಗ್ ಇನ್ನೊಂದು ತಲೆನೋವು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಎರಡೂ ಕಡೆ ಆನ್ ಆಗಿದ್ದರೆ ಅಕ್ಷರ ಕಲಸಿಹೋಗುತ್ತದೆ. ನಿಮ್ಮ ಕಡೆ ಆಫ್ ಮಾಡಿ, ರಸ್ಟ್‌ಡೆಸ್ಕ್‌ನ ಕೀಬೋರ್ಡ್ ಪಟ್ಟಿಯಲ್ಲಿ ಮ್ಯಾಪ್ ಮೋಡ್ ಆರಿಸಿ. ಆಗ ಹೋಗುವುದು ಅಕ್ಷರವಲ್ಲ, ಯಾವ ಕೀಲಿ ಒತ್ತಿದಿರಿ ಎಂಬುದಷ್ಟೇ. ಕನ್ನಡ ಮಾಡುವ ಕೆಲಸ ಆಚೆ ಕಡೆಯ ನುಡಿಯದು. ಹಳೇ ನುಡಿ ಫಾಂಟಿನ ಪಠ್ಯವನ್ನು ಕಾಪಿ ಮಾಡಿ ಈಚೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಸ ಬಂದರೆ ರಿಮೋಟ್ ತಂತ್ರಾಂಶವನ್ನು ಬೈಯಬೇಡಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಪಠ್ಯ, ಒಳಗಿದ್ದದ್ದೇ ಆ ಅಕ್ಷರಗಳು.

ಇದೇ ಬಗೆಯ ತಂತ್ರಾಂಶ ಹಾಕಿಸಿ ಬ್ಯಾಂಕಿನ ಹೆಸರಲ್ಲಿ ದುಡ್ಡು ಎಗರಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ನೀವಾಗಿ ಕೇಳದ ಸಹಾಯಕ್ಕೆ ಯಾರಾದರೂ ಐಡಿ ಕೇಳಿದರೆ ಕೊಡಬೇಡಿ. ಕೊಟ್ಟಾಗಿದೆ ಎಂದಾದರೆ ಮೊದಲು ನೆಟ್ ಕಿತ್ತು, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎಲ್ಲ ಸಿದ್ಧವಾಯಿತೆಂದು ತೋಟದ ವೈಫೈನಲ್ಲೇ ಇನ್ನೊಂದು ಲ್ಯಾಪ್‌ಟಾಪ್ ಇಟ್ಟು ಪರೀಕ್ಷಿಸಿದರೆ ಎಲ್ಲವೂ ಸರಾಗವಾಗಿಯೇ ನಡೆಯುತ್ತದೆ, ಒಂದೇ ರೂಟರಿನ ಒಳಗಿನ ಮಾತುಕತೆ ಅದು. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ, ತೋಟದ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಯಾರೂ ಮುಟ್ಟದೆ ಲಾಗಿನ್ ಪರದೆ ನಿಮ್ಮ ಮುಂದೆ ಬರುತ್ತದೆಯೇ ನೋಡಿ. ಬಂದರೆ ಬಸ್ಸು ಹತ್ತಿ ವಾಪಸ್ ಹೊರಡಬಹುದು.