ಉಸಿರು ಹೂಂ ಅಂದಿತು, ಎಲುಬು ಇನ್ನೂ ಅಂದಿಲ್ಲ

ಓಡಲು ಶುರು ಮಾಡುವವರು ಮೊದಲ ದಿನಕ್ಕೆ ಹೆದರುತ್ತಾರೆ. ಅದು ಕಷ್ಟದ ದಿನ, ನಿಜ. ಆದರೆ ಅಪಾಯದ ದಿನ ಅಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬರುತ್ತದೆ. ಉಸಿರು ಹಗುರ ಇರುತ್ತದೆ. ಕಾಲು ತಾನಾಗಿ ಮುಂದೆ ಹೋಗುತ್ತದೆ. ಇನ್ನೂ ಒಂದು ಸುತ್ತು ಹೊಡೆಯೋಣ ಅನ್ನಿಸುತ್ತದೆ. ನಾನು ಹೆದರುವುದು ಆ ಬೆಳಿಗ್ಗೆಗೆ.

ನನಗೆ ಅದು ಬಂದದ್ದು ಡಿಸೆಂಬರ್ ಕೊನೆಗೆ, ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ. ನಲವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಓಡಲು ಹೊರಟಿದ್ದೆ. ಮೊದಲ ವಾರ ಒಂದು ನಿಮಿಷಕ್ಕೇ ದಮ್ಮು ಹತ್ತುತ್ತಿತ್ತು. ನಾಲ್ಕನೇ ವಾರಕ್ಕೆ ಎಲ್ಲ ಸಲೀಸು. ವಾರಕ್ಕೆ ಮೂರು ದಿನ ಇದ್ದ ಓಟವನ್ನು ಆರು ದಿನಕ್ಕೆ ಏರಿಸಿದೆ. ಹತ್ತೇ ದಿನ. ಮೊಣಕಾಲಿನ ಕೆಳಗೆ, ಮುಂದೆ ಕೈಗೆ ಸಿಗುವ ಎಲುಬಿನಲ್ಲಿ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು.

ಸಲಹೆಗಳು ಬಂದವು. ಓಣಿಯ ಹಿರಿಯರೊಬ್ಬರು "ನೆದರಾಗ್ಯದ, ಉಪ್ಪು ಮೆಣಸಿನಕಾಯಿ ಇಳಿಸಿ ಒಗೀರಿ" ಅಂದರು. ಇನ್ನೊಬ್ಬರು "ಈ ವಯಸ್ಸಿನಾಗ ಓಡಿದ್ರ ಮೊಣಕಾಲು ಸವೀತಾವ" ಅಂದರು. ಮತ್ತೊಬ್ಬರು ಬಿಸಿ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿಕೊಂಡು ಮರುದಿನವೇ ಓಡಲು ಹೇಳಿದರು. ಮೂರರಲ್ಲಿ ನನಗೆ ತುಂಬ ಚಿಂತೆ ಹುಟ್ಟಿಸುವುದು ಈ ಕೊನೆಯ ಮಾತು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವಾಗ ಅದನ್ನು ತಿಕ್ಕಿ, ಮೇಲೆ ಓಡಿದರೆ, ಬಿರುಕು ಪೂರ್ತಿ ಮುರಿತವಾಗಬಹುದು.

ನೋವು ಯಾಕೆ ಬಂತು ಅನ್ನುವುದು ನನಗೆ ಹೊಳೆದದ್ದು ಮನೆಯ ಅಡುಗೆ ಕೋಣೆಯಲ್ಲಿ. ಅದೇ ವಾರ ಹಳೆಯ ಶಹಾಬಾದ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಕಿತ್ತು ಹೊಸದು ಹಾಕಿಸುತ್ತಿದ್ದೆವು. ಗೌಂಡಿ ಕೆಲಸ ಮುಗಿಸಿ ಕೈ ತೊಳೆಯುತ್ತ ಹೇಳಿದ: "ಸರ್, ಮ್ಯಾಲ ನೋಡಿದ್ರ ಕುಂತಂಗ ಕಾಣ್ತದ. ಒಳಗ ಇನ್ನಾ ಹಸಿ ಅದ. ಎಂಟು ದಿನ ನೀರು ಹೊಡೀರಿ, ಕಾಲಿಡಬ್ಯಾಡ್ರಿ."

ಎಲುಬಿನ ಕಥೆ ಇದೇ.

ನಾವು ಎಲುಬನ್ನು ಕಲ್ಲು ಅಂದುಕೊಂಡಿದ್ದೇವೆ. ಒಂದು ಅರ್ಥದಲ್ಲಿ ಸರಿ. ಶಹಾಬಾದ ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಎಲುಬಿನಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಇಬ್ಬರೂ ದೂರದ ನೆಂಟರು. ಆದರೆ ಪರಸಿ ಕೋಟ್ಯಂತರ ವರ್ಷಗಳಿಂದ ಹಾಗೇ ಬಿದ್ದಿದೆ. ಎಲುಬು ಹಾಗಲ್ಲ. ಅದರೊಳಗೆ ರಕ್ತ ಹರಿಯುತ್ತದೆ, ಜೀವಕೋಶಗಳು ದುಡಿಯುತ್ತವೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು 10ರಲ್ಲಿ ಒಂದು ಭಾಗ ಹಳೆಯದು ಹೋಗಿ ಹೊಸದು ಬರುತ್ತದೆ. ಹತ್ತು ವರ್ಷದ ಹಿಂದೆ ನಿಮ್ಮನ್ನು ಹೊತ್ತಿದ್ದ ಎಲುಬಿನಲ್ಲಿ ಬಹುಪಾಲು ಈಗ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ನನ್ನ ಮುಂಗೈಯನ್ನು ಬಹಳ ಹೊತ್ತು ಮುಟ್ಟಿ ನೋಡಿಕೊಂಡಿದ್ದೆ.

ಈ ದುರಸ್ತಿ ಮಾಡುವವರು ಎರಡು ತಂಡ. ಒಂದು ತಂಡ ಕೀಳುವವರು. ಇವರು ಎಲುಬಿಗೆ ಅಂಟಿಕೊಂಡು ಕೂತು, ಆಮ್ಲ ಬಿಟ್ಟು ಖನಿಜವನ್ನು ಕರಗಿಸುತ್ತಾರೆ. ಇನ್ನೊಂದು ತಂಡ ಕಟ್ಟುವವರು. ಕಿತ್ತ ಗುಂಡಿಯಲ್ಲಿ ಮೊದಲು ಕೊಲಾಜೆನ್ ಅನ್ನುವ ಪ್ರೋಟೀನಿನ ಹಗ್ಗ ಹಾಸುತ್ತಾರೆ, ಆಮೇಲೆ ಅದರ ಮೇಲೆ ಖನಿಜ ಕೂರುತ್ತದೆ. ಈಗ ಲೆಕ್ಕ ನೋಡಿ. ಕೀಳುವ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ತುಂಬುವ ಕೆಲಸಕ್ಕೆ ಮೂರು ತಿಂಗಳ ಆಸುಪಾಸು ಬೇಕು. ಪೂರ್ತಿ ಗಟ್ಟಿಯಾಗಲು ಇನ್ನೂ ಜಾಸ್ತಿ.

ಅಂದರೆ ನಡುವೆ ಒಂದು ಕಾಲ ಇದೆ. ಹಳೆ ಪರಸಿ ಕಿತ್ತಾಗಿದೆ, ಹೊಸದು ಇನ್ನೂ ಕುಂತಿಲ್ಲ. ಓಟ ಶುರು ಮಾಡಿದವರ ಕಾಲೆಲುಬಿನಲ್ಲಿ ಹೀಗೆ ಸಾವಿರಾರು ಕಡೆ ಸಣ್ಣ ಸಣ್ಣ ಗುಂಡಿಗಳು ಒಟ್ಟಿಗೇ ಬಿದ್ದಿರುತ್ತವೆ. ಎಲುಬು ಗಟ್ಟಿಯಾಗುವ ದಾರಿಯಲ್ಲೇ ಸ್ವಲ್ಪ ದಿನ ಮೊದಲಿಗಿಂತ ಮೆತ್ತಗಾಗಿರುತ್ತದೆ. ಊರಿನ ರಸ್ತೆ ಅಗಲ ಮಾಡುವಾಗ ಮೊದಲು ಅಗೆದು ಹಾಕುತ್ತಾರಲ್ಲ, ಅಂಥದ್ದೇ. ಆ ತಿಂಗಳು ಅದರ ಮೇಲೆ ಲಾರಿ ಓಡಿಸಬಾರದು.

ನಾವು ಓಡಿಸುವುದು ಲಾರಿಯನ್ನೇ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ಕಾಲನ್ನು ತಿರುಗಿ ಒತ್ತುತ್ತದೆ. 70 ಕೆಜಿ ಇರುವವರಿಗೆ ಅದು ಸುಮಾರು ಎರಡು ಕ್ವಿಂಟಲ್ ತೊಗರಿಯ ಭಾರ. ಅದೂ ಒಂದೇ ಕಾಲಿನ ಮೇಲೆ. ನಿಮಿಷಕ್ಕೆ 160 ಹೆಜ್ಜೆ ಅಂದರೂ 20 ನಿಮಿಷದಲ್ಲಿ 3200 ಸಲ.

ಇದರ ಪರಿಣಾಮ ಮೊದಲು ಕಂಡದ್ದು ಓಟಗಾರರಲ್ಲಿ ಅಲ್ಲ, ಸೈನಿಕರಲ್ಲಿ. 1855ರಲ್ಲಿ ಪ್ರಷ್ಯಾದ ಸೇನೆಯ ವೈದ್ಯ ಬ್ರೈಟ್‌ಹಾಪ್ಟ್ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದ. ದೂರದೂರ ಕವಾಯತು ನಡೆದ ಸಿಪಾಯಿಗಳ ಪಾದ ಊದಿಕೊಳ್ಳುತ್ತಿತ್ತು, ನೋಯುತ್ತಿತ್ತು. ಬಿದ್ದಿಲ್ಲ, ಏಟಾಗಿಲ್ಲ. ಹೊರಗೆ ನೋಡಿದರೆ ಎಲುಬು ಸರಿಯಾಗೇ ಇದೆ. ಕಾರಣ ತಿಳಿಯಲು 40 ವರ್ಷಕ್ಕೂ ಜಾಸ್ತಿ ಹಿಡಿಯಿತು. 1895ರಲ್ಲಿ ರೋಂಟ್ಗೆನ್ ಎಕ್ಸ್-ರೇ ಕಂಡುಹಿಡಿದ. 1897ರಲ್ಲಿ ಸ್ಟೆಖೋವ್ ಅನ್ನುವ ಇನ್ನೊಬ್ಬ ಸೇನಾ ವೈದ್ಯ ಅದರಲ್ಲಿ ನೋಡಿದಾಗ ಗೊತ್ತಾಯಿತು: ಆ ಪಾದಗಳ ಎಲುಬು ಸಣ್ಣದಾಗಿ ಮುರಿದಿತ್ತು. ಯಾವ ಒಂದು ಹೆಜ್ಜೆಯೂ ಮುರಿಯುವಷ್ಟು ಭಾರದ್ದಲ್ಲ. ಸಾವಿರ ಹೆಜ್ಜೆ ಸೇರಿ ಮುರಿದಿದ್ದವು. ಇವತ್ತಿಗೂ ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದು. ಹಾಗಾಗಿ "ಎಕ್ಸ್-ರೇ ಕ್ಲಿಯರ್ ಅದ" ಅಂದ ಮಾತ್ರಕ್ಕೆ ಓಡಲು ಹೋಗಬೇಡಿ.

ಆ ನಡುವೆ, 1892ರಲ್ಲಿ, ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಒಂದು ದೊಡ್ಡ ಮಾತು ಹೇಳಿದ. ಎಲುಬಿನ ಮೇಲೆ ಎಂಥ ಭಾರ ಬೀಳುತ್ತದೋ ಅದಕ್ಕೆ ತಕ್ಕಂತೆ ಎಲುಬು ತನ್ನನ್ನು ಬದಲಾಯಿಸಿಕೊಳ್ಳುತ್ತದೆ ಅಂತ. ಟೆನಿಸ್ ಆಟಗಾರರ ಆಡುವ ಕೈಯ ಎಲುಬು ಇನ್ನೊಂದು ಕೈಗಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಚಪ್ಪೆ (ಸೊಂಟದ ಕೀಲಿನ) ಎಲುಬು ತಿಂಗಳಿಗೆ 100ಕ್ಕೆ ಒಂದರಿಂದ ಒಂದೂವರೆ ಪಾಲು ಕರಗುತ್ತದೆ. ಓಟ ಎಲುಬಿನ ಶತ್ರು ಅನ್ನುವವರು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಭಾರ ಬೀಳದೆ ಎಲುಬು ಬೆಳೆಯುವುದಿಲ್ಲ.

ಎಲುಬಿಗೆ ಭಾರ ಗೊತ್ತಾಗುವುದು ಹೇಗೆ? ನನಗೆ ತುಂಬ ಇಷ್ಟವಾದ ಭಾಗ ಇದು. ಬೀದರಿನ ನೌಬಾದಿನಲ್ಲಿರುವ ಕರೇಜ್ ನೋಡಿದ್ದೀರಾ? ಬಹಮನಿ ಕಾಲದ ನೀರಿನ ವ್ಯವಸ್ಥೆ, ಪರ್ಷಿಯಾದಿಂದ ಬಂದ ತಂತ್ರ. ಮೇಲೆ ಬಾವಿಗಳ ಸಾಲು, ಕೆಳಗೆ ಅವನ್ನೆಲ್ಲ ಕೂಡಿಸುವ ಸುರಂಗ, ಅದರಲ್ಲಿ ಹರಿಯುವ ನೀರು. ಎಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಂಥದ್ದೇ ನಕ್ಷೆ. ಗಟ್ಟಿ ಎಲುಬಿನ ಒಳಗೆ ಪುಟ್ಟ ಪುಟ್ಟ ಗೂಡುಗಳು. ಪ್ರತಿ ಗೂಡಿನಲ್ಲಿ ಒಂದು ಜೀವಕೋಶ. ಗೂಡಿನಿಂದ ಗೂಡಿಗೆ ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳು, ತುಂಬ ದ್ರವ. ಕಾಲು ನೆಲಕ್ಕೆ ಬಿದ್ದಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮಳೆಗಾಲದ ಎರೆ ಹೊಲದಲ್ಲಿ ಕಾಲಿಟ್ಟರೆ ನೀರು ಪಕ್ಕಕ್ಕೆ ಜಿನುಗುವ ಹಾಗೆ ದ್ರವ ಕಾಲುವೆಯಲ್ಲಿ ಸರಿಯುತ್ತದೆ. ಗೂಡಿನಲ್ಲಿ ಕುಳಿತ ಕೋಶಕ್ಕೆ ಆ ಹರಿವು ತಾಗುತ್ತದೆ. ಇಲ್ಲಿ ಭಾರ ಬಿತ್ತು, ಕೆಲಸದವರನ್ನು ಕಳಿಸಿ ಅಂತ ಅದು ಸುದ್ದಿ ಮುಟ್ಟಿಸುತ್ತದೆ.

ಇನ್ನೂ ಒಂದು ಸಂಗತಿ ಇದೆ. ಈ ಕೋಶಗಳಿಗೆ ಬೇಗ ಕಿವಿ ಮಂಕಾಗುತ್ತದೆ. ಮದುವೆ ಮನೆಯ ಬ್ಯಾಂಡು ಮೊದಲ ಐದು ನಿಮಿಷ ಜೋರಾಗಿ ಕೇಳುತ್ತದೆ, ಆಮೇಲೆ ಕಿವಿಗೆ ಅದು ಇದ್ದದ್ದೇ ಮರೆಯುತ್ತದೆ, ಅಲ್ವಾ? ಹಾಗೆ. ಕೆಲವು ಹತ್ತು ಸಲ ಭಾರ ಬಿದ್ದ ಮೇಲೆ ಕೋಶ ಸುಮ್ನೆ ಕೂರುತ್ತದೆ. ಮತ್ತೆ ಚುರುಕಾಗಲು ಕೆಲವು ಗಂಟೆ ಬಿಡುವು ಬೇಕು. ಇಲಿಗಳ ಮೇಲಿನ ಪ್ರಯೋಗದಲ್ಲಿ, ದಿನದ ಎಲ್ಲ ಭಾರವನ್ನು ಒಂದೇ ಸಲ ಹೇರಿದ್ದಕ್ಕಿಂತ ಅದನ್ನೇ ನಾಲ್ಕು ಪಾಲು ಮಾಡಿ ಬಿಡುವು ಕೊಟ್ಟು ಹೇರಿದಾಗ ಎಲುಬು ಜಾಸ್ತಿ ಬೆಳೆಯಿತು. ಬಿಡದೆ ಓಡಿದ ಕೊನೆಯ ಅರ್ಧ ಗಂಟೆ ಎಲುಬಿಗೆ ಹೊಸ ಸುದ್ದಿಯನ್ನೇನೂ ಕೊಡುವುದಿಲ್ಲ, ಸವೆತವನ್ನು ಮಾತ್ರ ಕೂಡಿಸುತ್ತದೆ.

ಹಾಗಾದರೆ ಉಸಿರು ಯಾಕೆ ಅಷ್ಟು ಬೇಗ ಹಗುರವಾಯಿತು? ಅದರ ಗಡಿಯಾರ ಬೇರೆ. ಓಟ ಶುರುವಾದ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಕೆಲವು ವಾರದಲ್ಲಿ ಸ್ನಾಯುವಿನೊಳಗಿನ ಮೈಟೊಕಾಂಡ್ರಿಯಾಗಳು, ಅಂದರೆ ಆಮ್ಲಜನಕ ಬಳಸಿ ಶಕ್ತಿ ತೆಗೆಯುವ ಒಲೆಗಳು, ಹೆಚ್ಚುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತ ಕಡಿಮೆ, ಅವು ನಿಧಾನ. ಎಲುಬು ಎಲ್ಲರಿಗಿಂತ ಹಿಂದೆ. ನಮಗೆ ಒಳಗಿನಿಂದ ತಿಳಿಯುವುದು ಉಸಿರು ಒಂದೇ. ಅದು ಹೂಂ ಅಂದ ಕೂಡಲೇ ಇಡೀ ಮೈ ಹೂಂ ಅಂದಿತು ಅಂತ ನಾವು ನಂಬಿಬಿಡುತ್ತೇವೆ.

ಮೊಣಕಾಲು ಸವೆಯುವ ಮಾತಿಗೆ ಜಾಸ್ತಿ ಜಾಗ ಕೊಡುವುದಿಲ್ಲ. ಕೀಲಿನ ಮೃದ್ವಸ್ಥಿಗೆ, ಅಂದರೆ ಎಲುಬಿನ ತುದಿಗೆ ಹಾಸಿದ ಮೆತ್ತನೆಯ ಪದರಕ್ಕೆ, ರಕ್ತನಾಳವೇ ಇಲ್ಲ. ಒತ್ತಿ ಬಿಟ್ಟಾಗ ಸ್ಪಂಜಿನಂತೆ ದ್ರವ ಹೀರಿಕೊಂಡೇ ಅದು ಬದುಕುವುದು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು, ಚಪ್ಪೆಯ ಕೀಲು ಸವೆತ 100ಕ್ಕೆ ಮೂರೂವರೆ ಜನರಲ್ಲಿತ್ತು. ಓಡದವರಲ್ಲಿ 100ಕ್ಕೆ 10. ಕಾಲು ಚೆನ್ನಾಗಿರುವವರೇ ಓಡಲು ಹೋಗುತ್ತಾರೆ ಅನ್ನುವುದೂ ಇದರಲ್ಲಿ ಸೇರಿದೆ, ಸರಿ. ಆದರೂ ಓಟ ಕೀಲನ್ನು ತಿಂದುಹಾಕುತ್ತದೆ ಅನ್ನುವವರ ಪರವಾಗಿ ಈ ಲೆಕ್ಕ ನಿಲ್ಲುವುದಿಲ್ಲ.

ಇನ್ನು ಮಾಡುವುದೇನು? ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಏಳೆಂಟು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಇದೇ ಬಗೆಯ ಒಂಬತ್ತು ವಾರದ ಯೋಜನೆ ಮಾಡಿದ. ಐವತ್ತು ದಾಟಿದ ತನ್ನ ತಾಯಿಯೂ ಓಡಲಿ ಅನ್ನುವುದು ಅವನ ಆಸೆಯಾಗಿತ್ತು. ಅದು ಈಗ ಲೋಕದ ತುಂಬ ಹರಡಿದೆ. ವೇಗದ ಬಗ್ಗೆ ಒಂದೇ ಅಳತೆ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾದರೆ ನಿಧಾನ ಮಾಡಿ. ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ.

ನೋವು ಬಂದರೆ ಬೆರಳಿನಿಂದ ಒತ್ತಿ ನೋಡಿ. ಎಲುಬಿನ ಉದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ಬಿಡುವಿಗೆ ಬಗ್ಗುತ್ತದೆ. ಒಂದು ಬೆರಳಿನ ತುದಿಯಷ್ಟೇ ಜಾಗದಲ್ಲಿ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಇಲ್ಲವೇ ಆ ಒಂದೇ ಕಾಲಿನಲ್ಲಿ ಕುಪ್ಪಳಿಸಲು ಆಗದಿದ್ದರೆ, ಓಟ ನಿಲ್ಲಿಸಿ ಎಲುಬು ಡಾಕ್ಟರ ಹತ್ತಿರ ಹೋಗಿ. ನೆದರು ಇಳಿಸುವುದು, ಕರಿ ದಾರ ಕಟ್ಟುವುದು ಇದಕ್ಕೆ ಉತ್ತರ ಅಲ್ಲ, ಅದರಲ್ಲಿ ಕಳೆಯುವ ವಾರಗಳು ಬಿರುಕಿಗೆ ಸಿಗುವ ವಾರಗಳು. ಓಡುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಊಟ ಕಡಿಮೆ ಮಾಡಿ ಓಡಿ ಮುಟ್ಟು ನಿಂತರೆ ಅದು ಎಲುಬು ಸವೆಯುತ್ತಿರುವ ಸೂಚನೆ ಇರಬಹುದು. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ನಮ್ಮ ಕಡೆ ಬಿಸಿಲಿನ ಮಾತು ಬಿಡಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ. ಮಣ್ಣಿನ ಹರವಿ ನೀರನ್ನು ಹೊರಗೆ ಜಿನುಗಿಸಿ ಆವಿಯಾಗಿಸಿ ತಂಪಾಗುವ ಹಾಗೆಯೇ ನಮ್ಮ ಮೈ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಬೊಜ್ಜು ಕರಗಲಿ ಅಂತ ದಪ್ಪ ಜಾಕೆಟ್ ಹಾಕಿ ಓಡುವವರು ಹರವಿಗೆ ಪ್ಲಾಸ್ಟಿಕ್ ಸುತ್ತಿದಂತೆ ಮಾಡುತ್ತಾರೆ. ಹೋಗುವುದು ಬರೀ ನೀರು, ಬರುವುದು ಉಷ್ಣಾಘಾತ. ಬೇಸಿಗೆಯಲ್ಲಿ ಸೂರ್ಯ ಏಳುವ ಮುಂಚೆ ಮುಗಿಸಿ.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದಿದ್ದ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅಂತ ಓಡಲು ಶುರು ಮಾಡಿದ್ದಾನೆ. ನೋಟಿಫಿಕೇಶನ್ ಬಂದ ಮೇಲೆ ಒಮ್ಮೆಲೇ ಓಡಿ ಕಾಲು ಹಿಡಿದುಕೊಂಡು ಕೂತ ಹುಡುಗರನ್ನು ನಾನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಇವನ ಮುಖದ ಹುರುಪು ನೋಡಿ ಎದೆ ಧಸಕ್ಕೆಂದಿತು.

"ಕಾಕಾ, ದಮ್ಮು ಹತ್ತೋದು ನಿಂತದ. ನಾಳಿಂದ ದಿನಾ ಬಿಡದಂಗ ಓಡ್ಲೇನು?"

"ಶುರು ಮಾಡಿ ಎಷ್ಟು ದಿನ ಆಯ್ತು ತಮ್ಮಾ?"

"ಇಪ್ಪತ್ತು ದಿನ."

ಅವನನ್ನು ಅಡುಗೆ ಕೋಣೆಗೆ ಕರೆದುಕೊಂಡು ಹೋದೆ. ಪರಸಿ ಎಲ್ಲ ಗಟ್ಟಿ ಕುಂತಿದೆ, ಹೊಸ್ತಿಲ ಹತ್ತಿರದ ಒಂದನ್ನು ಬಿಟ್ಟು. ಎರಡನೇ ದಿನವೇ ಅದರ ಮೇಲೆ ಯಾರೋ ಕಾಲಿಟ್ಟಿದ್ದರು. ಹುಡುಗ ಅದರ ಮೇಲೆ ನಿಂತು ನೋಡಿದ. ಕಲ್ಲು ಕಟ್ಟಕಟ್ಟ ಅಂತ ಅಲುಗಾಡಿತು. ಗೌಂಡಿಯ ಮಾತು ಹೇಳಿದೆ, ಎಲುಬಿನ ಮಾತೂ ಹೇಳಿದೆ.

"ಹಂಗಾದ್ರ ನಾಳಿ ಬ್ಯಾಡ, ನಾಡಿದ್ದು ಬರ್ತೀನಿ ಕಾಕಾ," ಅಂದ. "ಮತ್ತ ಒಂದು ಸಲಕ್ಕ ಒಂದೇ ನಿಮಿಷ ಓಡೋದೇನು?"

"ಒಂದೇ," ಅಂದೆ.