ಡೆನ್ವರ್ ಏರ್‌ಪೋರ್ಟಿನ ಆ ಭಯಾನಕ ಚಿತ್ರಗಳಲ್ಲಿ ಗುಟ್ಟೇನಾದರೂ ಇದೆಯಾ?

ಓದುಗರ ಪ್ರಶ್ನೆ: ಅಮೆರಿಕದ ಡೆನ್ವರ್ ಏರ್‌ಪೋರ್ಟಿನ ಗೋಡೆಚಿತ್ರದ ಫೋಟೊ ವಾಟ್ಸಾಪ್‌ನಲ್ಲಿ ಬಂತು. ಗ್ಯಾಸ್ ಮಾಸ್ಕ್ ಹಾಕಿದ ಸೈನಿಕ, ಸತ್ತ ಕೂಸುಗಳನ್ನು ಎತ್ತಿಕೊಂಡ ತಾಯಂದಿರು. ಯಾವುದೋ ರಹಸ್ಯ ಗುಂಪು ಇಡೀ ಲೋಕವನ್ನು ಆಳಲು ಹಾಕಿರುವ ಯೋಜನೆ ಇದು ಅಂತಾರೆ. ಏನೂ ಇಲ್ಲದಿದ್ದರೆ ಜನ ಓಡಾಡುವ ಜಾಗದಲ್ಲಿ ಇಂಥದ್ದನ್ನು ಯಾಕೆ ಬರೆಸಿದರು?

ಉತ್ತರ: ನಿಮಗೆ ಭಯವಾಗಿದ್ದು ಸಹಜ. ನೋಡಿದವರು ಬೆಚ್ಚಬೇಕು ಅಂತಲೇ ಆ ಸೈನಿಕನನ್ನು ಬರೆದಿದ್ದಾರೆ. ಸುತ್ತಲಿನವರೆಲ್ಲ ಕುಬ್ಜರಾಗಿ ಕಾಣುವಷ್ಟು ದೊಡ್ಡದಾಗಿ ನಿಂತಿದ್ದಾನೆ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಬಾಗಿದ ಕತ್ತಿ. ಕತ್ತಿಯ ತುದಿ ಬಿಳಿ ಪಾರಿವಾಳವನ್ನು ಚುಚ್ಚಿದೆ. ಪಕ್ಕದಲ್ಲಿ ಅಳುವ ತಾಯಂದಿರ ಸಾಲು.

ಆದರೆ ನಿಮಗೆ ಬಂದದ್ದು ಅರ್ಧ ಚಿತ್ರ. ನಾನೂ ಮೊದಲು ನೋಡಿದ್ದು ಆ ಅರ್ಧವನ್ನೇ.

ಉಳಿದರ್ಧದಲ್ಲಿ ಅದೇ ಸೈನಿಕ ನೆಲಕ್ಕೆ ಬಿದ್ದಿದ್ದಾನೆ. ಪಾರಿವಾಳಗಳು ಅವನ ಬಂದೂಕಿನ ಮೇಲೆ ಕೂತಿವೆ. ನಾನಾ ದೇಶಗಳ ಮಕ್ಕಳು ತಮ್ಮ ತಮ್ಮ ಉಡುಗೆ ತೊಟ್ಟು, ಬಾವುಟದಲ್ಲಿ ಸುತ್ತಿದ ಕತ್ತಿಗಳನ್ನು ಹೊತ್ತು ತರುತ್ತಿದ್ದಾರೆ. ನಡುವೆ ಜರ್ಮನಿಯ ಹಳ್ಳಿ ಉಡುಗೆಯ ಹುಡುಗನೊಬ್ಬ ಕಮ್ಮಾರನ ಹಾಗೆ ಸುತ್ತಿಗೆ ಎತ್ತಿದ್ದಾನೆ. ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುವ ಈ ಕಲ್ಪನೆ ಬೈಬಲ್‌ನ ಯೆಶಾಯನ ಪುಸ್ತಕದ್ದು. ಚಿತ್ರದ ಹೆಸರೂ ಅದಕ್ಕೆ ತಕ್ಕಂತೆಯೇ ಇದೆ: 'ಲೋಕದ ಮಕ್ಕಳು ಶಾಂತಿಯ ಕನಸು ಕಾಣುತ್ತಾರೆ'.

ಸೈನಿಕ ಇರುವ ಭಾಗದಲ್ಲಿ ಒಂದು ಹಾಳೆಯನ್ನೂ ಬರೆದಿದ್ದಾರೆ. ಅದರಲ್ಲಿರುವುದು ನಾಜಿಗಳ ಔಶ್ವಿಟ್ಜ್ ಸಾವಿನ ಶಿಬಿರದಲ್ಲಿದ್ದ 14 ವರ್ಷದ ಮಗುವಿನ ಸಾಲುಗಳು. ಇಸವಿ 1943. ಅಂದರೆ ಇದು ಮುಂದೆ ನಡೆಯಲಿರುವ ಸಂಚಿನ ನಕ್ಷೆಯಲ್ಲ, ಆಗಿಹೋದ ಘೋರದ ನೆನಪು. ಆ ಮಗುವಿನ ಮಾತನ್ನೇ ಸಂಚಿನ ಸುಳಿವು ಅಂತ ಹಂಚುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬರೆದವರು ಲಿಯೊ ಟಾಂಗುಮಾ, ಮೆಕ್ಸಿಕನ್ ಮೂಲದ ಅಮೆರಿಕನ್ ಕಲಾವಿದ. ಮೆಕ್ಸಿಕೊದಲ್ಲಿ 1920ರ ದಶಕದಿಂದಲೂ ಯುದ್ಧ, ಹಸಿವು, ದಬ್ಬಾಳಿಕೆಯನ್ನು ಸಾರ್ವಜನಿಕ ಕಟ್ಟಡಗಳ ಗೋಡೆ ಮೇಲೆ ಬರೆಯುವ ದೊಡ್ಡ ಪರಂಪರೆ ಇದೆ. ಓದು ಬಾರದವರೂ ನೋಡಿ ತಿಳಿಯಲಿ ಅನ್ನುವ ಆಸೆ ಅದರ ಹಿಂದಿತ್ತು. ಟಾಂಗುಮಾ ಅದೇ ದಾರಿಯವರು. ದುಡ್ಡು ಎಲ್ಲಿಂದ ಬಂತು ಅನ್ನುವುದೂ ಮುಚ್ಚುಮರೆಯ ವಿಷಯವಲ್ಲ. ದೊಡ್ಡ ಸಾರ್ವಜನಿಕ ಕಾಮಗಾರಿಗಳ ವೆಚ್ಚದಲ್ಲಿ ಶೇ. 1ರಷ್ಟನ್ನು ಕಲೆಗೆ ಇಡಬೇಕು ಅನ್ನುವ ನಿಯಮ ಡೆನ್ವರ್ ನಗರದಲ್ಲಿದೆ.

ಹಾಗಾದರೆ ವದಂತಿ ಯಾಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿತು? ಅದರಲ್ಲಿ ನಿಜದ ಚೂರುಗಳು ಇವೆ, ಅದಕ್ಕೇ. ಏರ್‌ಪೋರ್ಟ್ 1995ರ ಫೆಬ್ರವರಿಯಲ್ಲಿ ಶುರುವಾದಾಗ 16 ತಿಂಗಳು ತಡವಾಗಿತ್ತು. ಖರ್ಚು ಅಂದಾಜಿಗಿಂತ ಸುಮಾರು 200 ಕೋಟಿ ಡಾಲರ್ ಜಾಸ್ತಿಯಾಗಿತ್ತು. ಬ್ಯಾಗು ಸಾಗಿಸುವ ಸ್ವಯಂಚಾಲಿತ ವ್ಯವಸ್ಥೆ ಪರೀಕ್ಷೆಯಲ್ಲೇ ಬ್ಯಾಗುಗಳನ್ನು ಎಸೆದು ಹರಿದುಹಾಕಿತ್ತು. ಇಷ್ಟು ದುಡ್ಡು ಹೇಗೆ ಕರಗಿತು ಅಂತ ಜನ ಕೇಳಿದ್ದು ನ್ಯಾಯವೇ. 1994ರ ಸ್ಮಾರಕ ಶಿಲೆಯ ಮೇಲೆ ಫ್ರೀಮೇಸನ್ನರು ಅನ್ನುವ ಹಳೇ ಸೋದರ ಸಂಘದವರ ಗುರುತು ಇರುವುದೂ ನಿಜ. ಅಮೆರಿಕದಲ್ಲಿ ಮೇಸನ್ನರನ್ನು ಕರೆಸಿ ಕಲ್ಲು ಇಡಿಸುವುದು ಹಳೇ ರೂಢಿ. 1793ರಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕ ಸಂಸತ್ ಭವನಕ್ಕೆ ಕಲ್ಲು ಇಟ್ಟಿದ್ದೂ ಹಾಗೆಯೇ, ಎಲ್ಲರ ಎದುರಿಗೆ.

ನೆಲದ ಮೇಲೆ 'ಎಯು ಎಜಿ' ಅನ್ನುವ ಅಕ್ಷರಗಳಿವೆ. ಯಾವುದೋ ಮಾರಕ ವಿಷದ ಸಂಕೇತ ಅದು ಅಂತ ಒಬ್ಬರು ಹಬ್ಬಿಸಿದರೆ ಹತ್ತು ಜನ ನಂಬುತ್ತಾರೆ. ರಸಾಯನಶಾಸ್ತ್ರದಲ್ಲಿ ಅವು ಚಿನ್ನ ಮತ್ತು ಬೆಳ್ಳಿ. ಆ ಅಕ್ಷರಗಳು ಇರುವುದು ಗಣಿ ಬಂಡಿಯ ಚಿತ್ರದ ಮೇಲೆ. ಡೆನ್ವರ್ ಇರುವ ಕೊಲೊರಾಡೊ ರಾಜ್ಯ ಗಣಿಗಳ ನಾಡು.

ಇಂಥ ಕಥೆ ಬಂದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಏನು ಕಂಡರೆ ಇದು ಸುಳ್ಳು ಅಂತ ಹೇಳಿದವರೇ ಒಪ್ಪುತ್ತಾರೆ? ಚಿತ್ರ ಗೋಡೆ ಮೇಲಿದ್ದಾಗ 'ನೋಡಿ, ರಾಜಾರೋಷವಾಗಿ ಹೇಳಿದ್ದಾರೆ' ಅಂದರು. 2018ರಲ್ಲಿ ಕಟ್ಟಡದ ಕೆಲಸಕ್ಕಾಗಿ ಕೆಳಗಿಳಿಸಿದಾಗ 'ನೋಡಿ, ಬಚ್ಚಿಡುತ್ತಿದ್ದಾರೆ' ಅಂದರು. ಇದ್ದರೂ ಸಾಕ್ಷಿ, ಇಲ್ಲದಿದ್ದರೂ ಸಾಕ್ಷಿ. ಹೀಗಾದರೆ ಆ ಚಿತ್ರವನ್ನು ಯಾರೂ ನೋಡುತ್ತಲೇ ಇಲ್ಲ ಅಂತಾಯಿತು, ಅಲ್ವಾ?

ಖರ್ಚಿನ ಬಗ್ಗೆ ಅನುಮಾನ ಬಂದರೆ ಲೆಕ್ಕಪತ್ರ ತೆಗೆದು ನೋಡಬಹುದು, ತಪ್ಪು ಮಾಡಿದವರನ್ನು ಕೇಳಬಹುದು. ಹೆಸರೇ ಇಲ್ಲದ ಗುಂಪನ್ನು ಯಾರು, ಎಲ್ಲಿ ಕೇಳುವುದು? ಅಸಲಿ ಪ್ರಶ್ನೆ ಅಲ್ಲೇ ಕಳೆದುಹೋಗುತ್ತದೆ.

ಫೋಟೊ ಕಳಿಸಿದವರ ಜೊತೆ ಜಗಳ ಬೇಡ. ಅವರೂ ಹೆದರಿಯೇ ಕಳಿಸಿರುತ್ತಾರೆ. ಸುಮ್ನೆ ಆ ಸುತ್ತಿಗೆ ಹಿಡಿದ ಹುಡುಗನಿರುವ ಇನ್ನರ್ಧವನ್ನು ಹುಡುಕಿ, ವಾಪಸ್ ಕಳಿಸಿ.